ಕ್ರಿಯಾವರ್ಧಕಗಳ ಉಷ್ಣಜನ್ಯ ಕ್ಷಯ

ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸಿಯೂ ತಾನು ವ್ಯಯವಾಗದೆ ಉಳಿಯುವ ದ್ರವ್ಯವು, ದೀರ್ಘಕಾಲ ಕಾವಿನಲ್ಲಿದ್ದ ಮಾತ್ರದಿಂದಲೇ, ತೂಕದಲ್ಲಿ ಕಡಮೆಯಾಗದೆ ಪಟುತ್ವದಲ್ಲಿ ಕುಗ್ಗುವುದಕ್ಕೆ ಈ ಹೆಸರು. ಮೇಲೆ ಇಂಗಾಲ ಕೂತು ಪಟುತ್ವ ಕುಗ್ಗಿದ್ದರೆ ಅದನ್ನು ಸುಟ್ಟು ಕಳೆಯಬಹುದು. ಉಷ್ಣಕ್ಷಯವಾದರೋ ಬಹುಮಟ್ಟಿಗೆ ಮರಳಿ ಬಾರದ ನಷ್ಟ.

ಕ್ರಿಯೆ ನಡೆಯುವುದು ಕಣದ ಮೇಲ್ಮೈಯಲ್ಲಿ. ಕಾವೇರಿದಂತೆ ಪರಮಾಣುಗಳು ಸಣ್ಣ ಕಣಗಳಿಂದ ಕಳಚಿ ದೊಡ್ಡವನ್ನು ಸೇರುತ್ತವೆ; ಕಣಗಳೇ ಸರಿದು ಬೆಸೆದುಕೊಳ್ಳುವುದೂ ಉಂಟು; ಹೀಗೆ ಮೇಲ್ಮೈ ಕುಗ್ಗುತ್ತದೆ. ನೀರಾವಿ ಇದನ್ನು ತ್ವರೆಗೊಳಿಸುತ್ತದೆ. ನಿರಪೇಕ್ಷ ಮಾನದಲ್ಲಿ ಕರಗುವ ಬಿಂದುವಿನ ಅರ್ಧದಷ್ಟು ಉಷ್ಣತೆಯಲ್ಲಿ ಈ ಚಲನೆ ಪ್ರಬಲವಾಗುವುದೆಂಬುದು ಸ್ಥೂಲನಿಯಮ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ತೆಗೆಯುವ ಬಂಗಾರವು ಗಟ್ಟಿಯಾಗಿರುವಾಗ ಜಡವೆನಿಸಿದರೂ, ಅತಿ ಸೂಕ್ಷ್ಮ ಕಣವಾದಾಗ ಇಂಗಾಲದ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೂ ಉತ್ಕರ್ಷಿಸಬಲ್ಲುದೆಂದು ಜಪಾನಿನ ಮಸಾತಾಕೆ ಹರುತಾ 1987ರಲ್ಲಿ ತೋರಿಸಿದರು. 1064 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಅದಕ್ಕೆ ಮೇಲಿನ ಲೆಕ್ಕದಂತೆ ಸುಮಾರು 395 ಡಿಗ್ರಿಯೇ ಗಡಿಯಾದರೂ, ಅಂಥ ನವಿರು ಕಣಗಳು ಅದಕ್ಕೂ ಮುಂಚೆಯೇ ಕೂಡಿಕೊಳ್ಳುತ್ತವೆ.

ಸಿಂಧನೂರಿನ ಗದ್ದೆಗಳಿಗೆ ಎರಚುವ ಯೂರಿಯಾದ ಮೂಲವು ಅಮೋನಿಯಾ. ಅದರ ಸಂಶ್ಲೇಷಣೆಗೆ, 1976ರಲ್ಲಿ ಆರಂಭವಾದ ಪಣಂಬೂರಿನ ಕಾರ್ಖಾನೆಯೂ ಸೇರಿದಂತೆ ಬಹುತೇಕ ಎಲ್ಲೆಡೆ ಕಬ್ಬಿಣವೇ ಕ್ರಿಯಾವರ್ಧಕ. ಶುದ್ಧ ಕಬ್ಬಿಣವು ಬೇಗನೆ ಸೋಲುತ್ತಿತ್ತು. 1909ರಲ್ಲಿ ಜರ್ಮನಿಯ ಆಲ್ವಿನ್ ಮಿಟಾಶರ ಪ್ರಯೋಗಶಾಲೆಯಲ್ಲಿ ಸ್ವೀಡನ್ನಿನ ಕಾಂತದ ಅದಿರೊಂದು ಅನಿರೀಕ್ಷಿತವಾಗಿ ಫಲಕೊಡಲು, ಗುಣವಿರುವುದು ಕಬ್ಬಿಣದಲ್ಲಲ್ಲ, ಅದರೊಳಗಿನ ಕಲ್ಮಷದಲ್ಲಿ ಎಂದು ಊಹಿಸಿದ ಅವರು ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿ ಅಲ್ಯೂಮಿನ, ಪೊಟ್ಯಾಶುಗಳನ್ನು ಆರಿಸಿದರು. ಅಲ್ಯೂಮಿನವು ಕಣಗಳ ನಡುವೆ ನಿಂತು ಅವು ಬೆಸೆಯದಂತೆ ತಡೆಯುವುದರಿಂದಲೇ ಈ ಕ್ರಿಯಾವರ್ಧಕವು ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ.

ಪೆಟ್ರೋಲಿಯಂ ಶುದ್ಧೀಕರಣದ ಪ್ಲಾಟಿನಮ್ಮನ್ನು ಕ್ಲೋರಿನ್, ಆಮ್ಲಜನಕಗಳಿಂದ ಮತ್ತೆ ಚದುರಿಸಬಹುದು; ಉಷ್ಣಕ್ಷಯವು ಮರಳಿ ಬಾರದೆಂಬುದಕ್ಕೆ ಇದೊಂದು ಅಪವಾದ.

ಕ್ರಿಯಾವರ್ಧಕವನ್ನು ಹೊರುವ ಆಧಾರದ್ರವ್ಯವೂ ಕಾವಿಗೆ ಕುಸಿಯುವುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು, ಮಸ್ಕಿ ಸೀಮೆಯ ಭತ್ತದ ಹೊಟ್ಟನ್ನು ಸುಟ್ಟರೆ ತೂಕದ ಸುಮಾರು ಐದರಲ್ಲೊಂದು ಪಾಲು ಬೂದಿ ಉಳಿಯುತ್ತದೆ; ಅದು ಬಹುಪಾಲು ಸಿಲಿಕ, ರಂಧ್ರಮಯ, ಆಧಾರಕ್ಕೆ ಯೋಗ್ಯ. ಮಂದಕಾವಿನಲ್ಲಿ ಬೆಂದ ಬೂದಿ ಬೆರಳಲ್ಲಿ ತಿಕ್ಕಿದರೆ ಹಿಟ್ಟಾಗುವುದು. ಸುಮಾರು 800 ಡಿಗ್ರಿ ಮೀರಿ ಬೆಂದದ್ದು ಗರಸಿನಂತೆ ತಾಕುವುದು, ಒಡೆದರೆ ಸುಡದ ಇಂಗಾಲದ ಕರಿಚುಕ್ಕೆಗಳು ಒಳಗೆ ಸಿಕ್ಕಿಕೊಂಡಿರುವುದೂ ಕಾಣುವುದು. ಪೊಟ್ಯಾಶಿನ ರೂಪದಲ್ಲಿ ಕಬ್ಬಿಣಕ್ಕೆ ನೆರವಾದ, ಹೊಟ್ಟಿನಲ್ಲೂ ಇರುವ ಪೊಟ್ಯಾಸಿಯಮ್ಮೇ ಇಲ್ಲಿ ಶತ್ರು: ಸಿಲಿಕವನ್ನು ಕಡಮೆ ಕಾವಿನಲ್ಲೇ ಕರಗಿಸಿ ರಂಧ್ರಗಳನ್ನು ಮುಚ್ಚುವುದು ಅದೇ. ಆದಕಾರಣ ಅದನ್ನು ಕಳೆಯಲು ಹೊಟ್ಟನ್ನು ಸುಡುವ ಮೊದಲೇ ಆಮ್ಲದಲ್ಲಿ ಕುದಿಸಿ ತೊಳೆಯುತ್ತಾರೆ; ಆಗ ಬರುವ ಬೂದಿ ಅಚ್ಚ ಬಿಳುಪು.