ಅಸ್ವಾಭಾವಿಕ ಮರಣ: ಶವ ತನಿಖೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಶವ ತನಿಖೆ ಎಂದರೇನು?
ಆತ್ಮಹತ್ಯೆ, ಕೊಲೆ, ಅಪಘಾತ, ಪ್ರಾಣಿ ಅಥವಾ ಯಂತ್ರದಿಂದಾದ ಸಾವು ಹಾಗೂ ಸಂಶಯಾಸ್ಪದ ಸಾವುಗಳಲ್ಲಿ ಮರಣದ ಮೇಲ್ನೋಟದ ಕಾರಣವನ್ನು ದಾಖಲಿಸಲು ನಡೆಸುವ ತನಿಖೆಯೇ ಶವ ತನಿಖೆ. ಅಪರಾಧಿ ಯಾರೆಂದು ತೀರ್ಮಾನಿಸುವುದು ಇದರ ಉದ್ದೇಶವಲ್ಲ. ಇಂಗ್ಲೆಂಡಿನಲ್ಲಿ ಇಂತಹ ವಿಚಾರಣೆಯನ್ನು ಕೊರೋನರ್ ಎಂಬ ಅಧಿಕಾರಿಯು ನಡೆಸುತ್ತಾರೆ. ಮುಂಬಯಿಯಲ್ಲಿದ್ದ ಇದೇ ಹುದ್ದೆಯು 1999ರಲ್ಲಿ ರದ್ದಾಯಿತು. ಕರ್ನಾಟಕದಲ್ಲಿ ಈ ಹೊಣೆಯು ಪೊಲೀಸರು ಮತ್ತು ದಂಡಾಧಿಕಾರಿಗಳದ್ದಾಗಿರುತ್ತದೆ.

ಅನ್ವಯವಾಗುವ ಕಾನೂನು
ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕರಣ 194ರಿಂದ 196. ಸದರಿ ಸಂಹಿತೆಯು ದಿನಾಂಕ 1-7-2024ರಿಂದ ಜಾರಿಯಲ್ಲಿದೆ.

ತನಿಖೆಯ ಕ್ರಮ
1. ಮಾಹಿತಿ ದೊರೆತ ಕೂಡಲೇ ಠಾಣಾಧಿಕಾರಿಯು ಸಮೀಪದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಿ, ಶವವಿರುವ ಸ್ಥಳಕ್ಕೆ ತೆರಳತಕ್ಕದ್ದು.
2. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತ ನಿವಾಸಿಗಳ ಸಮಕ್ಷಮದಲ್ಲಿ, ಶರೀರದ ಮೇಲಿನ ಗಾಯ ಮತ್ತು ಗುರುತುಗಳನ್ನು ವಿವರಿಸಿ ಪಂಚನಾಮೆ ಬರೆಯತಕ್ಕದ್ದು.
3. ಸಹಿ ಮಾಡಿದ ವರದಿಯನ್ನು 24 ಗಂಟೆಗಳೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ಕಳುಹಿಸತಕ್ಕದ್ದು.
4. ಮರಣದ ಕಾರಣದ ಬಗ್ಗೆ ಸಂದೇಹವಿದ್ದಲ್ಲಿ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಲಾಗುವುದು.

ದಂಡಾಧಿಕಾರಿಯ ವಿಚಾರಣೆ
ವಿವಾಹವಾದ 7 ವರ್ಷಗಳೊಳಗೆ ಮಹಿಳೆಯು ಆತ್ಮಹತ್ಯೆ ಮಾಡಿಕೊಂಡಲ್ಲಿ ಅಥವಾ ಸಂಶಯಾಸ್ಪದವಾಗಿ ಮೃತಪಟ್ಟಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಯು ವಿಚಾರಣೆ ನಡೆಸುವರು. ಪೊಲೀಸ್ ಅಭಿರಕ್ಷೆಯಲ್ಲಿ ಅಥವಾ ನ್ಯಾಯಾಲಯದ ಆದೇಶದ ಅಭಿರಕ್ಷೆಯಲ್ಲಿ ಮರಣ ಸಂಭವಿಸಿದಲ್ಲಿ ನ್ಯಾಯಿಕ ದಂಡಾಧಿಕಾರಿಯೇ ವಿಚಾರಣೆ ನಡೆಸತಕ್ಕದ್ದು.

ಕುಟುಂಬದವರ ಹಕ್ಕುಗಳು
• ದಂಡಾಧಿಕಾರಿಯು ವಿಚಾರಣೆ ನಡೆಸುವಾಗ ಸಾಧ್ಯವಿರುವಲ್ಲೆಲ್ಲಾ ಮೃತರ ತಂದೆ-ತಾಯಿ, ಮಕ್ಕಳು, ಸಹೋದರ-ಸಹೋದರಿಯರು ಹಾಗೂ ಪತಿ ಅಥವಾ ಪತ್ನಿಗೆ ತಿಳಿಸಿ, ಅವರು ಹಾಜರಿರಲು ಅವಕಾಶ ನೀಡತಕ್ಕದ್ದು.
• ವಿವಾಹವಾದ 7 ವರ್ಷಗಳೊಳಗೆ ಮೃತಪಟ್ಟ ಮಹಿಳೆಯ ಸಂಬಂಧಿಕರು ಕೋರಿದಲ್ಲಿ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಲಾಗುವುದು.
• ಪೊಲೀಸರು ಶವ ತನಿಖೆಗಾಗಿ ಕರೆದಾಗ ಮಹಿಳೆಯರು, 15 ವರ್ಷದೊಳಗಿನ ಹಾಗೂ 60 ವರ್ಷ ಮೀರಿದ ಪುರುಷರು, ಅಂಗವಿಕಲರು ಮತ್ತು ತೀವ್ರ ಅಸ್ವಸ್ಥರು ತಮ್ಮ ವಾಸಸ್ಥಳವನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಗಿಲ್ಲ.

ವಿಶೇಷ ಸೂಚನೆ
ಸಂದೇಹವಿದ್ದಲ್ಲಿ ಅಂತ್ಯಕ್ರಿಯೆಗೆ ಮೊದಲೇ ಠಾಣೆಗೆ ಲಿಖಿತವಾಗಿ ತಿಳಿಸುವುದು. ಹೂಳಿದ ಶವವನ್ನು ದಂಡಾಧಿಕಾರಿಯು ಹೊರತೆಗೆಸಿ ಪರೀಕ್ಷೆಗೆ ಒಳಪಡಿಸಬಹುದು. ದಹನವಾದ ನಂತರ ಆ ಅವಕಾಶ ಇರುವುದಿಲ್ಲ. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವುದೂ ಕಡ್ಡಾಯವಾಗಿದೆ.