ಜೋಗಪ್ಪನ ಹೆಸರು ಪೊಲೀಸ್ ದಫ್ತರದಲ್ಲಿ

ಸಂಖದಿಂದ ಸವದತ್ತಿ ಗುಡ್ಡಕ್ಕೆ ಹೋಗಿಬರುವವರು ನೀವು. ಸೀರೆಯುಟ್ಟು ಕೊಡ ಹೊತ್ತ ಜೋಗಪ್ಪನಿಂದ ಭಂಡಾರ ಹಚ್ಚಿಸಿಕೊಳ್ಳುತ್ತೀರಿ. ಮರಾಠಿ ಮಂದಿಗೆ ಆತ ಜೋಗತ್ಯಾ. ಆತನೇ ಊರಲ್ಲಿ ಬಾಡಿಗೆ ಮನೆ ಕೇಳಿದರೆ ಮಾತ್ರ ಕದ ಮುಚ್ಚುತ್ತೇವೆ.

ಇಂಥವರನ್ನು ಬ್ರಿಟಿಷರು 1871ರ ಕಾಯ್ದೆಯಲ್ಲಿ ಅಪರಾಧಿ ಬುಡಕಟ್ಟುಗಳ ಜೊತೆ ಸೇರಿಸಿದರು. ಉತ್ತರ ಹಿಂದೂಸ್ಥಾನದಲ್ಲಿ ಪಟ್ಟಿಗೆ ಹೆಸರು ಬಿದ್ದವರು ಬೀದಿಯಲ್ಲಿ ಹೆಣ್ಣುಡುಗೆ ತೊಟ್ಟರೆ ಎರಡು ವರ್ಷದವರೆಗೆ ಸೆರೆ. ಆ ಕಾಯ್ದೆ ರದ್ದಾಗಿ ಎಷ್ಟೋ ಕಾಲದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ ಮತ್ತೆ ಪಟ್ಟಿಗೆ ದಾರಿ ಮಾಡಿದರು. ಮಾಡಿದವರು ನಮ್ಮವರೇ, ನೆನಪಿರಲಿ. ಇವರ ಸಂಘಟನೆಯವರು ಹೈಕೋರ್ಟಿಗೆ ಹೋದರು. 2016ರಲ್ಲಿ ಕಲಮಿನಿಂದ ಇವರ ಹೆಸರು ತೆಗೆಯಬೇಕಾಯಿತು.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೂ ಹರೆಯದಲ್ಲಿ ಮನೆಯ ಕದ ಮುಚ್ಚಿತ್ತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ಪಡೆಯಲು ದಿಲ್ಲಿಗೆ ಹೋದಾಗ, ಮೊದಲು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು.