ತೊಟ್ಟಿಲ ಮೇಲಿನ ಕೃಷ್ಣ, ಜಮಖಾನಿಯ ನವಿಲು

ಕಲಘಟಗಿಯಲ್ಲಿ ತೊಟ್ಟಿಲಿಗೆ ಚಿತ್ರ ಬರೆಯುವವರು ಕುಂಚ ಹಿಡಿಯುವ ಮೊದಲು ಒಂದು ಮನೆತನವನ್ನು ತಿಳಿದುಕೊಳ್ಳಬೇಕು. ‘ಯಾವೂರವರ್ರೀ? ಮನಿ ದೇವರು ಯಾವುದ್ರೀ?’ ಈ ಮಾತಿಗೆ ಉತ್ತರ ಬಂದ ಮೇಲೆಯೇ ಪಟ್ಟಿಯ ಮೇಲೆ ಯಾರ ಕಥೆ ಬರಬೇಕೆಂಬುದು ನಿಶ್ಚಯ. ಕೆಲವರಿಗೆ ಕೃಷ್ಣನ ಬಾಲಲೀಲೆ ಬೇಕು, ಕೆಲವರಿಗೆ ರಾಮಾಯಣ. ಲಿಂಗಾಯತ ಮನೆಗೆ ಬಸವಣ್ಣನವರ ಬದುಕಿನ ಪ್ರಸಂಗ. ಮುಸಲ್ಮಾನರ ಮನೆಗೆ ಮೆಕ್ಕಾ-ಮದೀನಾ, ಚಂದ್ರ-ನಕ್ಷತ್ರ, ಹೂಬಳ್ಳಿ. ಕ್ರೈಸ್ತರಿಗೆ ಏಸು. ಒಂದೇ ಪಡಸಾಲೆಯಲ್ಲಿ, ಅದೇ ಬಣ್ಣದ ಬಟ್ಟಲುಗಳಿಂದ ಇವೆಲ್ಲ ಹುಟ್ಟಬೇಕು. ಹೀಗಾಗಿ ಚಿತ್ರಗಾರನಿಗೆ ತನ್ನ ಮನೆಯ ಕಥೆ ಗೊತ್ತಿದ್ದರೆ ಸಾಲದು, ಸುತ್ತಲ ಹತ್ತೂರಿನವರ ಕಥೆ ಬಾಯಿಪಾಠ ಆಗಿರಬೇಕು.

ಧಾರವಾಡ ಜಿಲ್ಲೆಯ ನಕ್ಷೆ ಬಿಡಿಸಿ ನೋಡಿದರೆ ಈ ಕಸುಬು ಇಲ್ಲಿಯೇ ಏಕೆ ಬೇರೂರಿತು ಎಂಬುದು ತಿಳಿಯುತ್ತದೆ. ಹುಬ್ಬಳ್ಳಿಯಿಂದ ಕಾರವಾರದ ಕಡೆ ಹೊರಟ ರಸ್ತೆ ಬಯಲು ಸೀಮೆಯನ್ನು ಬಿಟ್ಟು ಮಲೆನಾಡಿನ ಸೆರಗು ಹಿಡಿಯುವ ಜಾಗದಲ್ಲಿ ಕಲಘಟಗಿ ಇದೆ. ಬೇಡ್ತಿಯ ನೀರು ಹರಿಯುವ ತಾಲ್ಲೂಕು ಇದು. ಆಚೆಗೆ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಾಗವಾನಿ ಕಾಡು. ಜಿಲ್ಲೆಯ ಇನ್ನೊಂದು ತುದಿಗೆ, ಪೂರ್ವಕ್ಕೆ, ನವಲಗುಂದ ಮತ್ತು ಅಣ್ಣಿಗೇರಿಯ ಎರೆಹೊಲ. ಅಲ್ಲಿ ಹತ್ತಿ, ಕಡಲೆ, ಬಿಳಿಜೋಳ. ಪಡುವಣ ತುದಿಯ ಕಟ್ಟಿಗೆ ಕಲಘಟಗಿಯಲ್ಲಿ ತೊಟ್ಟಿಲಾಯಿತು, ಮೂಡಣ ತುದಿಯ ಹತ್ತಿ ನವಲಗುಂದದಲ್ಲಿ ಜಮಖಾನಿಯಾಯಿತು. ಒಂದರ ಮೇಲೆ ದೇವರು ಕುಳಿತರು, ಇನ್ನೊಂದರ ಮೇಲೆ ನವಿಲು ನಿಂತಿತು. ಹೆಸರಿಡುವ ದಿನ ಮೇಲೆ ಕಲಘಟಗಿಯ ತೊಟ್ಟಿಲು, ಕೆಳಗೆ ಹಾಡುವ ಹೆಂಗಸರಿಗೆ ಹಾಸಿದ ನವಲಗುಂದದ ಜಮಖಾನಿ ಎಂದರೆ ಆ ಮನೆ ಅನುಕೂಲಸ್ಥರದೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಕಟ್ಟಿಗೆಯ ಮೇಲೆ ಚಿತ್ರ ಬರೆದು ಕಥೆ ಹೇಳುವ ಕೆಲಸ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ದೇವರ ಮೂರ್ತಿ, ಬೊಂಬೆಗಳ ಜೊತೆಗೆ ತೊಟ್ಟಿಲನ್ನೂ ಮಾಡುತ್ತ ಬಂದಿದ್ದಾರೆ. ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು, ಬೊಂಬೆ ಮಾಡುವವರಿದ್ದರು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛತ್ತಿನಲ್ಲಿ ಪುರಾಣದ ಪ್ರಸಂಗಗಳು ಪಟ್ಟಿ ಪಟ್ಟಿಯಾಗಿ ಸಾಗುವುದನ್ನು ನೋಡಿದವರಿಗೆ ಕಲಘಟಗಿ ತೊಟ್ಟಿಲಿನ ಪಟ್ಟಿಗಳು ಅಪರಿಚಿತ ಎನಿಸುವುದಿಲ್ಲ. ಅಲ್ಲಿ ಭಕ್ತ ಕುತ್ತಿಗೆ ಎತ್ತಿ ನೋಡಬೇಕು, ಇಲ್ಲಿ ಮಗು ಮಲಗಿದಲ್ಲಿಂದಲೇ ನೋಡುತ್ತದೆ. ಗುಡಿಯ ಕಲೆ ಮನೆಯೊಳಕ್ಕೆ ಇಳಿದು ಬಂದ ದಾರಿಯಲ್ಲಿ ತೊಟ್ಟಿಲು ಬಹುಶಃ ಕೊನೆಯ ಮೆಟ್ಟಿಲು. ಆದರೂ ನಮ್ಮ ಕಲೆಯ ಇತಿಹಾಸದ ಪುಸ್ತಕಗಳಲ್ಲಿ ಗುಡಿಗೆ ಸಿಕ್ಕಷ್ಟು ಪುಟ ತೊಟ್ಟಿಲಿಗೆ ಸಿಕ್ಕಿಲ್ಲ. ಗುಡಿಯನ್ನು ಅರಸರು ಕಟ್ಟಿಸಿದರು, ತೊಟ್ಟಿಲನ್ನು ತವರುಮನೆಯವರು ಮಾಡಿಸಿದರು ಎಂಬುದಷ್ಟೇ ಇದಕ್ಕೆ ಕಾರಣವಿರಬಹುದು.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಚೆನ್ನಾಗಿ ಒಣಗಿದ ಸಾಗವಾನಿಯನ್ನು ಬಡಿಗ ಕೊಯ್ದು ಪಟ್ಟಿ ಮಾಡುತ್ತಾನೆ. ಕಾಲು, ಕಂಬ, ಸುತ್ತಲ ಕಡ್ಡಿಗಳನ್ನು ತಿರುಗುವ ಯಂತ್ರಕ್ಕೆ ಕೊಟ್ಟು ಗುಂಡಗೆ ಕಡೆಯುತ್ತಾರೆ. ಬಣ್ಣದ ಜೀವಾಳ ಅರಗು. ಮರದ ಕೊಂಬೆಗಳ ಮೇಲೆ ಸಣ್ಣ ಹುಳು ಸುರಿಸುವ ಅಂಟನ್ನು ಕಾಸಿ, ಸೋಸಿ, ಬಣ್ಣದ ಪುಡಿ ಬೆರೆಸಿದರೆ ಅರಗಿನ ಕಡ್ಡಿ ಸಿದ್ಧ. ಕಡೆದ ಕಂಬ ಜೋರಾಗಿ ತಿರುಗುತ್ತಿರುವಾಗ ಈ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಕಟ್ಟಿಗೆಗೆ ಹತ್ತಿಕೊಳ್ಳುತ್ತದೆ. ಮೇಲೆ ಕೇದಗಿ ಎಲೆಯನ್ನು ಒತ್ತಿ ಉಜ್ಜಿದರೆ ಗಾಜಿನಂಥ ಹೊಳಪು. ಚಪ್ಪಟೆ ಪಟ್ಟಿಗಳ ಮೇಲಿನ ಚಿತ್ರಕ್ಕೆ ಮಾತ್ರ ಯಂತ್ರ ಉಪಯೋಗಕ್ಕೆ ಬರದು, ಅಲ್ಲಿ ಕೈಯೇ ಗತಿ. ಮೊದಲು ನೆಲದ ಬಣ್ಣ, ಆಮೇಲೆ ಮೈ, ಆಮೇಲೆ ಉಡಿಗೆ, ಕೊನೆಗೆ ಕಣ್ಣು. ಚಿಕ್ಕ ಪಟ್ಟಿಯಲ್ಲಿ ಯಮುನೆ, ವಸುದೇವ, ಬುಟ್ಟಿ, ಏಳು ಹೆಡೆಯ ಹಾವು ಎಲ್ಲ ಹಿಡಿಸಬೇಕು. ಅಕ್ಷರ ಓದಲು ಬಾರದ ಅಜ್ಜಿಯೂ ಬೆರಳಿಟ್ಟು ‘ಇದ ನೋಡವಾ, ಕೃಷ್ಣಪ್ಪನ್ನ ಹೊತಗೊಂಡ ಹೊಂಟಾನ’ ಎಂದು ಹೇಳುವಷ್ಟು ಸ್ಪಷ್ಟವಾಗಿರಬೇಕು. ಅರಗಿನ ಬಣ್ಣದ ತೊಟ್ಟಿಲು ಮೂರು ತಲೆಮಾರು ಕಂಡರೂ ಬಣ್ಣ ಬಿಡುವುದಿಲ್ಲ ಎಂಬ ಖ್ಯಾತಿ ಕಲಘಟಗಿಗೆ ಬಂದದ್ದು ಈ ಕೆಲಸದಿಂದ.

ತೊಟ್ಟಿಲಿಗೆ ಗಿರಾಕಿ ಒದಗಿಸಿದ್ದು ಪೇಟೆಯಲ್ಲ, ಬೀಗತನ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಸಿನ ಜೊತೆ ತೊಟ್ಟಿಲೂ ಹೋಗಬೇಕು ಎಂಬ ರೂಢಿ. ಉಳ್ಳವರು ಹೊಸದು ಮಾಡಿಸಿದರು, ಇಲ್ಲದವರು ಎರವಲು ತಂದರು. ಒಂದು ಮನೆಯ ತೊಟ್ಟಿಲು ಓಣಿಯ ತುಂಬ ಓಡಾಡುವುದು ಸಾಮಾನ್ಯ ಸಂಗತಿಯಾಗಿತ್ತು. ಹೆಸರಿಡುವ ದಿನ ಮೊದಲು ಗುಂಡಕಲ್ಲಿಗೆ ಕುಂಚಿಗಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆಮೇಲೆ ಕೂಸನ್ನು ತೊಟ್ಟಿಲಿನ ಮೇಲಿಂದ ಕೆಳಗಿಂದ ಕೈ ಬದಲಿಸುತ್ತ ದಾಟಿಸುತ್ತಾರೆ. ಸೋದರತ್ತಿ ಕಿವಿಯಲ್ಲಿ ‘ಕುರ‍್ರ್’ ಎಂದು ಹೆಸರು ಹೇಳಿದ ಕೂಡಲೇ ಸುತ್ತ ನಿಂತವರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಗುಗ್ಗರಿ ಹಂಚುತ್ತಾರೆ. ಈ ಗದ್ದಲದ ನಡುವೆ ತೊಟ್ಟಿಲು ಬರೀ ಸಾಮಾನಾಗಿ ಉಳಿಯುವುದಿಲ್ಲ, ಅದು ಎರಡು ಮನೆತನಗಳ ನಡುವಿನ ಸಾಕ್ಷಿ.

ಪಟ್ಟಿಯ ಮೇಲೆ ಬರುವ ಕಥೆಗಳ ಆಯ್ಕೆಯೂ ವಿಚಾರ ಮಾಡುವಂಥದ್ದು. ಸೆರೆಮನೆಯಲ್ಲಿ ಹುಟ್ಟಿ ಹೊಳೆ ದಾಟಿದ ಕೂಸು, ವಿಷದ ಮೊಲೆಯುಣಿಸಿದ ಪೂತನಿಯನ್ನೇ ಕೊಂದ ಕೂಸು, ಕಾಳಿಂಗನ ಹೆಡೆಯ ಮೇಲೆ ಕುಣಿದ ಬಾಲಕ. ಇವೆಲ್ಲ ಸಾವನ್ನು ತಪ್ಪಿಸಿಕೊಂಡ ಮಗುವಿನ ಕಥೆಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1898ರಲ್ಲಿ ಹುಬ್ಬಳ್ಳಿ-ಧಾರವಾಡ ಭಾಗಕ್ಕೆ ಪ್ಲೇಗು ಬಡಿಯಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಪ್ಪತ್ತು ವರ್ಷದ ಮೇಲೆ, 1918ರಲ್ಲಿ, ಇನ್‌ಫ್ಲುಯೆಂಜಾ. ಅಂಥ ದಿನಗಳಲ್ಲಿ ತೊಟ್ಟಿಲು ಹೇಳಲು ಬಂದ ಅಪ್ಪನ ಮನಸ್ಸಿನಲ್ಲಿ ಏನಿತ್ತು ಎಂಬುದು ಚಿತ್ರಗಾರನಿಗೆ ಗೊತ್ತಿರಲೇಬೇಕು, ಏಕೆಂದರೆ ಅವನ ಮನೆಯಲ್ಲೂ ಅದೇ ಅಂಜಿಕೆ. ಪೂತನಿಯ ಚಿತ್ರ ಅಂದಕ್ಕೆ ಬರೆದದ್ದಲ್ಲ ಎಂದು ಈ ಹಿನ್ನೆಲೆಯಲ್ಲಿ ಧೈರ್ಯವಾಗಿ ಹೇಳಬಹುದು. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹೋಳಿ ಹುಣ್ಣಿವೆಯಲ್ಲಿ ಮಕ್ಕಳಿಲ್ಲದವರು ಹರಕೆ ಹೊರುವುದು, ಮಗುವಾದ ಮೇಲೆ ಬೆಳ್ಳಿಯ ತೊಟ್ಟಿಲು ಒಪ್ಪಿಸುವುದು ಇಂದಿಗೂ ನಡೆದಿದೆ. ಕಾಡಿನ ಅಂಚಿನಲ್ಲಿ ಕಟ್ಟಿಗೆಯದು, ಎರೆಸೀಮೆಯಲ್ಲಿ ಬೆಳ್ಳಿಯದು. ಒಳಗಿನ ಬೇಡಿಕೆ ಒಂದೇ.

ಕಸುಬಿಗೆ ಪೆಟ್ಟು ಬಿದ್ದದ್ದು ಒಂದೇ ಕಡೆಯಿಂದಲ್ಲ. 1878ರ ಅರಣ್ಯ ಕಾಯ್ದೆಯ ನಂತರ ಮೀಸಲು ಕಾಡಿನ ಸಾಗವಾನಿ ಸರ್ಕಾರದ ಸೊತ್ತಾಯಿತು, ಬಡಿಗನಿಗೆ ಕಟ್ಟಿಗೆ ಎಂದರೆ ರೊಕ್ಕದ ಮಾತಾಯಿತು. ಮನೆಗಳ ರೂಪ ಬದಲಾಯಿತು. ಮಾಳಿಗೆ ಮನೆಯ ತೊಲೆಗೆ ಸರಪಳಿ ಬಿಗಿದು ತೂಗುಬಿಡುತ್ತಿದ್ದ ತೊಟ್ಟಿಲಿಗೆ ಆರ್‌ಸಿಸಿ ಮನೆಯಲ್ಲಿ ತೊಲೆಯೇ ಇಲ್ಲ. ಆಗ ಕಾಲಿನ ಮೇಲೆ ನಿಲ್ಲುವ, ಬೇಕಾದಾಗ ಬಿಚ್ಚಿ ಕಟ್ಟಿಡುವ ತೊಟ್ಟಿಲಿಗೆ ಗಿರಾಕಿ ಹೆಚ್ಚಿದರು. ಕಬ್ಬಿಣದ್ದು, ಬಿದಿರಿನದು, ಪ್ಲಾಸ್ಟಿಕ್ಕಿನದು ಸಂತೆಗೆ ಬಂದವು. ಅರಗಿನ ಜಾಗಕ್ಕೆ ಡಬ್ಬಿಯ ಬಣ್ಣ ನುಗ್ಗಿತು. ಒಂದು ತೊಟ್ಟಿಲಿಗೆ ವಾರಗಟ್ಟಲೆ ಕೆಲಸ, ಬೆಲೆ ಹತ್ತಾರು ಸಾವಿರ. ದೊಡ್ಡ ಕೆಲಸಕ್ಕೆ ಲಕ್ಷ ದಾಟಿದ್ದೂ ಉಂಟು. ಕೆಲಸ ಕಲಿತ ಮನೆತನಗಳು ಬೆರಳೆಣಿಕೆಯಷ್ಟಾದವು.

ಹಾಗಿದ್ದೂ ನಿಲ್ಲಲಿಲ್ಲ. 2018ರ ನವೆಂಬರ್ 24ರಂದು ನಟ, ಮಾಜಿ ಸಚಿವ ಅಂಬರೀಷ್ ತೀರಿಕೊಂಡರು. ನಟ ದಂಪತಿ ಯಶ್ ಮತ್ತು ರಾಧಿಕಾ ಪಂಡಿತ್ ಅವರಿಗೆ ಹುಟ್ಟಲಿರುವ ಮಗುವಿಗಾಗಿ ಅವರು ಕಲಘಟಗಿಗೆ ತೊಟ್ಟಿಲು ಹೇಳಿಟ್ಟಿದ್ದ ಸಂಗತಿ ಆಮೇಲೆ ಹೊರಗೆ ಬಂತು. ಡಿಸೆಂಬರ್ 2ರಂದು ಹೆಣ್ಣುಮಗು ಹುಟ್ಟಿತು. ಕೊಡಬೇಕೆಂದವರು ಹೋದ ಮೇಲೂ ಕೊಡುಗೆ ಆ ಮನೆ ತಲುಪಿತು. ಸಿನಿಮಾ ಸುದ್ದಿಯಾಗಿ ಇದು ಎಲ್ಲ ಪತ್ರಿಕೆಗಳಲ್ಲಿ ಬಂದದ್ದರಿಂದ ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಜನಕ್ಕೆ ಕಲಘಟಗಿ ಎಂಬ ಊರಿನ ಹೆಸರು ಗೊತ್ತಾಯಿತು. ರಕ್ತಸಂಬಂಧವಿಲ್ಲದ ಹಿರಿಯರೊಬ್ಬರು ತವರುಮನೆಯ ರೂಢಿಯನ್ನು ತಾವೇ ಹೊತ್ತುಕೊಂಡ ಈ ಪ್ರಸಂಗ, ರೂಢಿ ಎಷ್ಟು ಅಗಲವಾಗಬಲ್ಲದು ಎಂಬುದಕ್ಕೆ ಒಳ್ಳೆಯ ನಿದರ್ಶನ.

ನವಲಗುಂದ ಎಂದ ಕೂಡಲೇ ಕರ್ನಾಟಕಕ್ಕೆ ನೆನಪಾಗುವುದು 1980ರ ಜುಲೈ 21ರ ರೈತ ಬಂಡಾಯ. ಅದೇ ಊರಿನ ಜಮಖಾನಿ ನೇಯುವ ಹೆಂಗಸರದು ಇನ್ನೊಂದು ಬಗೆಯ ಗಟ್ಟಿತನ. ವಿಜಾಪುರದ ಆದಿಲಶಾಹಿ ಕಾಲದಲ್ಲಿ ಅಲ್ಲಿಂದ ವಲಸೆ ಬಂದ ಮುಸಲ್ಮಾನ ನೇಕಾರರ ಸಂತತಿ ತಾವೆಂದು ಅವರ ಹೇಳಿಕೆ. ಕೆಲಸ ಪೂರ್ತಿ ಹೆಂಗಸರದು, ಮನೆಯೊಳಗಿನದು. ಗೋಡೆಗೆ ನಿಲ್ಲಿಸಿದ ಮಗ್ಗ. ಮೇಲೊಂದು ಕೆಳಗೊಂದು ತೊಲೆ, ನಡುವೆ ಬಿಗಿದು ಕಟ್ಟಿದ ಹಾಸು. ಮುಂದೆ ಇಬ್ಬರು ಮೂವರು ಅಕ್ಕಪಕ್ಕ ಕುಳಿತು ಬೆರಳಿನಿಂದಲೇ ಹೊಕ್ಕು ತೂರಿಸುತ್ತಾರೆ. ಕಬ್ಬಿಣದ ಹಲ್ಲಿರುವ ಪಂಜಾದಿಂದ ದಬದಬನೆ ಬಡಿದು ನೂಲನ್ನು ಕೂರಿಸುತ್ತಾರೆ. ಎದುರಿಗೆ ನಕ್ಷೆಯ ಹಾಳೆ ಇರುವುದಿಲ್ಲ. ಎಷ್ಟು ಎಳೆ ಬಿಟ್ಟು ಕೆಂಪು, ಎಷ್ಟು ಎಳೆಗೆ ಹಳದಿ ಎಂಬ ಲೆಕ್ಕ ತಲೆಯಲ್ಲಿ. ಹಾಗೆಯೇ ನವಿಲಿನ ಕತ್ತು, ಗರಿ, ಕಾಲು ಮೂಲೆ ಮೂಲೆಯಾಗಿ ಮೂಡುತ್ತವೆ. ಕೆಲವದರ ನಡುವೆ ಪಗಡೆಯ ಹಾಸನ್ನೇ ನೇಯುತ್ತಾರೆ, ಅದರ ಮೇಲೆ ಕುಳಿತವರು ಅಲ್ಲೇ ಆಟ ಹೂಡಬಹುದು. ನಮಾಜಿಗೆ ಹಾಸುವ ಜಾನಮಾಜ್ ಬೇರೆ.

ಈ ವಿದ್ಯೆ ಊರು ಬಿಟ್ಟು ಹೋಗಬಾರದೆಂದು ಹಿಂದೆ ಇದನ್ನು ಮನೆಯೊಳಗೇ ಬಿಗಿಯಾಗಿ ಕಾಯ್ದುಕೊಂಡರು ಎನ್ನುತ್ತಾರೆ. ಕಾಪಾಡಿದ ಆ ಬಿಗಿಯೇ ಮುಂದೆ ಕುತ್ತಾಯಿತು. ಕಲಿತವರು ಕಡಿಮೆ, ಕೂಲಿ ಸಣ್ಣದು, ಸೊಲ್ಲಾಪುರದ ಗಿರಣಿಯ ಮಾಲು ಅಗ್ಗ. 1964ರಲ್ಲಿ ಆರಂಭವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಕೈಹಿಡಿದದ್ದರಿಂದ ‘ಕಾವೇರಿ’ ಮಳಿಗೆಗಳ ದಾರಿ ತೆರೆಯಿತು. 2011ರಲ್ಲಿ ನವಲಗುಂದದ ಜಮಖಾನಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಹೆಸರು ಕಾಯಲು ಅದು ಬೇಕೇ ಬೇಕು. ಪಂಜಾ ಹಿಡಿದ ಕೈಗೆ ದಿನದ ಕೂಲಿ ಹೆಚ್ಚಿಸುವ ಕೆಲಸ ಮಾತ್ರ ಬೇರೆಯೇ ಆಗಬೇಕು. ಆ ಹೆಂಗಸರ ಮಕ್ಕಳು ಓದಿ ಬೇರೆ ನೌಕರಿ ಹಿಡಿದರೆ ತಪ್ಪೆಂದು ಯಾರೂ ಹೇಳಲಾಗದು.

ತೊಟ್ಟಿಲಿನ ಮೇಲೂ ಜಮಖಾನಿಯ ಮೇಲೂ ಮಾಡಿದವರ ಹೆಸರು ಇರುವುದು ಅಪರೂಪ. ಮಾಡಿಸಿದವರ ಹೆಸರು ಮನೆಯವರ ಬಾಯಲ್ಲಿ ಉಳಿದಿರುತ್ತದೆ. ಆದ್ದರಿಂದ ಈ ಕಸುಬುಗಳ ಚರಿತ್ರೆಗೆ ಬೇಕಾದ ದಾಖಲೆ ಕಚೇರಿಗಳಲ್ಲಿ ಸಿಗಲಾರದು. ಅದು ಕಲಘಟಗಿ, ಕುಂದಗೋಳ, ಶಿಗ್ಗಾವಿ, ಮುಂಡಗೋಡದ ಹಳೆಯ ಮನೆಗಳ ಅಟ್ಟದಲ್ಲಿದೆ. ಅಂಥ ತೊಟ್ಟಿಲುಗಳಿಗೆ ಹೊಸ ಕೂಸು ಬಂದಾಗ ಮೇಲೆ ಡಬ್ಬಿಯ ಬಣ್ಣ ಬಳಿಯುವುದುಂಟು. ಪ್ರೀತಿಯಿಂದಲೇ ಮಾಡುವ ಕೆಲಸ ಅದು, ಆದರೆ ಒಂದು ಕುಂಚದೇಟಿಗೆ ನೂರು ವರ್ಷದ ಚಿತ್ರ ಅಳಿಯುತ್ತದೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಹಳ್ಳಿಯ ಕಸುಬುಗಳನ್ನು ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿಂದ ಕಲಘಟಗಿ ದೂರವೇನಲ್ಲ. ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಊರು ಹಂಚಿಕೊಂಡು, ಮೊಬೈಲ್ ಹಿಡಿದು ಅಟ್ಟ ಹತ್ತಬೇಕು. ಪ್ರತಿ ಪಟ್ಟಿಯ ಫೋಟೊ ತೆಗೆದು, ಯಾವ ಸಾಲಿನಲ್ಲಿ ಯಾವ ಮಗಳ ಹೆರಿಗೆಗೆ ಅದನ್ನು ಮಾಡಿಸಿದರು, ಯಾರ ಮನೆಗೆಲ್ಲ ಎರವಲು ಹೋಗಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಹೇಳಬಲ್ಲ ಅಜ್ಜಿಯರು ಇನ್ನೂ ಆ ಮನೆಗಳಲ್ಲಿದ್ದಾರೆ.